ರಕ್ತದ ವರದಿಯಲ್ಲಿ ಮಣ್ಣಿನ ಗುರುತು: ಸೆಲೆನಿಯಂ ಮಟ್ಟ ಏರಿಳಿಯುವುದು ಯಾಕೆ?

ಕಬ್ಬಿಣ, ವಿಟಮಿನ್ ಡಿ, ಬಿ12 ಎಲ್ಲ ಮುಗಿದ ಮೇಲೆ, ಪರೀಕ್ಷಾ ವರದಿಯ ಕೊನೆಗೆಲ್ಲೋ ಅದು ಕೂತಿರುತ್ತದೆ. ‘ಸೆಲೆನಿಯಂ, ಪ್ಲಾಸ್ಮಾ: ಲೀಟರಿಗೆ 68 ಮೈಕ್ರೋಗ್ರಾಂ’ ಎಂದಿದೆ ಅಂದುಕೊಳ್ಳಿ (ಪ್ಲಾಸ್ಮಾ ಎಂದರೆ ರಕ್ತದಲ್ಲಿ ಕಣಗಳನ್ನು ಬಿಟ್ಟು ಉಳಿಯುವ ದ್ರವ). ಪಕ್ಕದಲ್ಲೊಂದು ಕೆಳಮುಖದ ಬಾಣ. ಕಾಯಿಲೆ ಕಸಾಲೆ ಏನೂ ಇಲ್ಲದೆ ಆರಾಮಾಗಿ ಓಡಾಡಿಕೊಂಡಿರುವ ಮನುಷ್ಯ ಆ ಬಾಣ ಕಂಡ ಕೂಡಲೇ ತನ್ನ ತಟ್ಟೆಯತ್ತ ನೋಡುತ್ತಾನೆ: ನಾನು ಏನನ್ನು ತಿನ್ನುತ್ತಿಲ್ಲ? ಮರುಕ್ಷಣ ಮಾತ್ರೆಯ ಯೋಚನೆ ಬರುತ್ತದೆ.

ಎರಡೂ ಅವಸರದ ಯೋಚನೆಗಳೇ. ಈ ಅಂಕಿ ಏರುವುದರಲ್ಲಾಗಲಿ ಇಳಿಯುವುದರಲ್ಲಾಗಲಿ ತಿನ್ನುವವನ ಶಿಸ್ತಿಗೆ ಇರುವ ಪಾಲು ನಾವು ಅಂದುಕೊಂಡಷ್ಟಿಲ್ಲ. ಅವನು ಕಣ್ಣಾರೆ ನೋಡದ ಯಾವುದೋ ಹೊಲದ ಮಣ್ಣು, ಆ ಕಾಳಿನಲ್ಲಿ ಸೆಲೆನಿಯಂ ಇದ್ದ ರೂಪ, ಯಕೃತ್ತಿನ ಕೆಲಸ, ರಕ್ತ ಕೊಟ್ಟ ವಾರ ಮೈಯಲ್ಲಿದ್ದ ಸಣ್ಣ ಉರಿಯೂತ, ಹುಟ್ಟಿನಿಂದ ಬಂದ ಜೀನು, ಇಷ್ಟೂ ಸೇರಿ ಆ 68 ಆಗಿದೆ. ಹಾಗಾಗಿ ಅದನ್ನು ಬರೀ ‘ಕಡಿಮೆ’ ಎಂದು ಓದಿ ಮುಗಿಸಿದರೆ ಅರ್ಧ ಓದಿದಂತೆ.

ವಿಷವೆಂದು ಹೆಸರಾಗಿ, ಪೋಷಕವೆಂದು ಬಾಳಿದ್ದು

ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಯೋನ್ಸ್ ಯಾಕೊಬ್ ಬರ್ಜೀಲಿಯಸ್ 1817ರಲ್ಲಿ ಗಂಧಕಾಮ್ಲ ತಯಾರಿಕೆಯ ತಳದಲ್ಲಿ ಉಳಿದ ಕೆಂಪು ಗಸಿಯಲ್ಲಿ ಈ ಧಾತುವನ್ನು ಗುರುತಿಸಿದ. ಮೊದಲು ಅದನ್ನು ಟೆಲುರಿಯಂ ಎಂದೇ ಭಾವಿಸಿದ್ದ. ಅಲ್ಲವೆಂದು ಖಾತ್ರಿಯಾದಾಗ, ಭೂಮಿಯ ಹೆಸರು ಹೊತ್ತಿದ್ದ ಟೆಲುರಿಯಂಗೆ ಜೊತೆಯಾಗಲೆಂದು ಗ್ರೀಕರ ಚಂದ್ರದೇವತೆ ಸೆಲೀನಿಯ ಹೆಸರಿಟ್ಟ. ಹೆಸರು ತಂಪಾದರೂ ಖ್ಯಾತಿ ಹಾಗಿರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಸೌತ್ ಡಕೋಟ ಸುತ್ತಲಿನ ಬಯಲುಗಳಲ್ಲಿ ದನ, ಕುದುರೆಗಳ ಗೊರಸು ಕಳಚಿ, ಬಾಲದ ಕೂದಲು ಉದುರುವ ಕಾಯಿಲೆಗೆ ಮೇವಿನಲ್ಲಿದ್ದ ಸೆಲೆನಿಯಮ್ಮೇ ಕಾರಣ ಎಂದು ಗೊತ್ತಾಯಿತು. ವಿಷ ಎಂಬ ಮುದ್ರೆ ಬಿತ್ತು. 1957ರಲ್ಲಿ ಕ್ಲಾಸ್ ಶ್ವಾರ್ಟ್ಸ್ ಪ್ರಯೋಗಾಲಯದ ಇಲಿಗಳ ಯಕೃತ್ತು ಸಾಯುವುದನ್ನು ಇದೇ ಧಾತುವಿನ ಲವಲೇಶದಿಂದ ತಡೆದು ತೋರಿಸಿದ ಮೇಲೆ ಕಥೆ ಮಗ್ಗುಲು ಬದಲಿಸಿತು. 1973ರಲ್ಲಿ, ಜೀವಕೋಶಗಳಲ್ಲಿ ಹುಟ್ಟುವ ಪೆರಾಕ್ಸೈಡುಗಳನ್ನು ನಿರುಪದ್ರವಿಯಾಗಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದ ಒಡಲಲ್ಲೇ ಸೆಲೆನಿಯಂ ಇದೆ ಎಂಬುದು ಖಚಿತವಾಯಿತು.

ಮನುಷ್ಯರಲ್ಲಿ ಇಂಥ ಸೆಲೆನಿಯಂ ಪ್ರೋಟೀನುಗಳನ್ನು ತಯಾರಿಸುವ 25 ಜೀನುಗಳಿವೆ. ಥೈರಾಯ್ಡ್ ಹಾರ್ಮೋನನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುವ ಕಿಣ್ವಗಳು ಅದರಲ್ಲಿ ಸೇರಿವೆ. ವೀರ್ಯಾಣುವಿನ ಕುತ್ತಿಗೆಯನ್ನು ಗಟ್ಟಿಗೊಳಿಸುವ ಪ್ರೋಟೀನೂ ಸೇರಿದೆ. ಇಷ್ಟೆಲ್ಲ ಕೆಲಸಕ್ಕೆ ಇಡೀ ದೇಹದಲ್ಲಿರುವ ದಾಸ್ತಾನು ಹೆಚ್ಚೆಂದರೆ ಒಂದೆರಡು ಡಜನ್ ಮಿಲಿಗ್ರಾಂ. ಅಡುಗೆಗೆ ಹಾಕುವ ಒಂದು ಚಿಟಿಕೆ ಉಪ್ಪು ಇದಕ್ಕಿಂತ ಎಷ್ಟೋ ಪಟ್ಟು ತೂಗುತ್ತದೆ.

ಬೇರು ಮಾಡುವ ಮೊದಲ ತಪ್ಪು

ಈಗ ಹೊಲಕ್ಕೆ ಇಳಿಯೋಣ. ಗೋಧಿ, ಮೆಕ್ಕೆಜೋಳ, ಭತ್ತದಂಥ ಬೆಳೆಗಳಿಗೆ ಸೆಲೆನಿಯಂ ಬೇಕಿಲ್ಲ. ಬೇರಿನ ಹೊರಪದರದಲ್ಲಿ ಅದನ್ನು ಒಳಗೆ ಬಿಟ್ಟುಕೊಳ್ಳಲೆಂದೇ ಮಾಡಿದ ಬಾಗಿಲೂ ಇಲ್ಲ. ಆದರೆ ಆವರ್ತ ಕೋಷ್ಟಕದಲ್ಲಿ ಸೆಲೆನಿಯಂ ಗಂಧಕದ ಕೆಳಗಿನ ಮನೆಯಲ್ಲೇ ಇದೆ, ಮುಖಚಹರೆಯೂ ಅದರದ್ದೇ. ಬೇರು ಗಂಧಕದ ಲವಣ ರೂಪವಾದ ಸಲ್ಫೇಟ್ ಎಂದುಕೊಂಡು, ಸೆಲೆನಿಯಂನ ಅಂಥದೇ ರೂಪವಾದ ಸೆಲೆನೇಟನ್ನು ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೂ ತಪ್ಪು ತಿಳಿವಳಿಕೆ ಮುಂದುವರಿಯುತ್ತದೆ: ಗಂಧಕ ಕೂರಬೇಕಾದ ಜಾಗದಲ್ಲಿ ಸೆಲೆನಿಯಂ ಕೂತು, ಮೆಥಿಯೋನಿನ್ ಆಗಬೇಕಿದ್ದ ಅಮೈನೋ ಆಮ್ಲ ಸೆಲೆನೋಮೆಥಿಯೋನಿನ್ ಆಗುತ್ತದೆ. ಕಾಳಿನ ಪ್ರೋಟೀನಿನಲ್ಲಿ ಅದು ಹಾಗೇ ಸೇರಿ ನಮ್ಮ ಬಾಯಿಗೆ ಬರುತ್ತದೆ. ಅದೇ ಹೊಲಕ್ಕೆ ಗಂಧಕದ ಗೊಬ್ಬರ ಧಾರಾಳವಾಗಿ ಹಾಕಿದರೆ ಒಂದೇ ಬಾಗಿಲಿಗೆ ಇಬ್ಬರೂ ಮುಗಿಬಿದ್ದು, ಕಾಳಿಗೆ ಸೇರುವ ಸೆಲೆನಿಯಂ ಕಡಿಮೆಯಾಗುತ್ತದೆ.

ಬೆಳೆಗೆ ಬೇಡ ಅನ್ನುವುದರಲ್ಲೇ ಒಂದು ತೊಡಕಿದೆ. ಸತು ಕಡಿಮೆಯಾದರೆ ಎಲೆ ಬಿಳಿಚಿಕೊಳ್ಳುತ್ತದೆ, ಸಾರಜನಕ ಕಡಿಮೆಯಾದರೆ ಪೈರು ಹಳದಿ ತಿರುಗುತ್ತದೆ, ರೈತನಿಗೆ ಗೊತ್ತಾಗುತ್ತದೆ. ಸೆಲೆನಿಯಂ ಒಂದು ಚೂರೂ ಇಲ್ಲದ ಹೊಲ ಮಾತ್ರ ಹಚ್ಚಹಸಿರಾಗಿ, ಭರ್ಜರಿ ಫಸಲು ಕೊಟ್ಟುಕೊಂಡೇ ಇರುತ್ತದೆ. ಕೊರತೆ ಮೊದಲು ಬಾಧಿಸುವುದು ಅದನ್ನು ತಿಂದವರ ಮೈಯನ್ನು.

ಮಣ್ಣಿನಲ್ಲಿ ಎಷ್ಟಿದೆ ಎಂಬುದಷ್ಟೇ ಲೆಕ್ಕಕ್ಕೆ ಬರುವುದಿಲ್ಲ, ಬೇರಿಗೆ ಎಷ್ಟು ಸಿಗುತ್ತದೆ ಎಂಬುದೂ ಬೇಕು. ಗಾಳಿಯಾಡುವ ಕ್ಷಾರೀಯ ಮಣ್ಣಿನಲ್ಲಿ ಅದು ಸೆಲೆನೇಟ್ ರೂಪದಲ್ಲಿ ನೀರಿನೊಂದಿಗೆ ಸಲೀಸಾಗಿ ಓಡಾಡುತ್ತದೆ. ಹುಳಿ ಮಣ್ಣಿನಲ್ಲಿ, ನೀರು ನಿಂತ ಜವುಗಿನಲ್ಲಿ ಸೆಲೆನೈಟ್ ಎಂಬ ಇನ್ನೊಂದು ರೂಪ ತಾಳಿ ಕಬ್ಬಿಣದ ಆಕ್ಸೈಡುಗಳಿಗೆ ಅಂಟಿ ಕೂರುತ್ತದೆ. ಇದ್ದೂ ಇಲ್ಲದಂತೆ. ಆಫ್ರಿಕದ ಮಲಾವಿ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. ಆ ದೇಶದ ಬಹುಪಾಲು ಹೊಲಗಳು ಹುಳಿ ಮಣ್ಣಿನವು, ದಕ್ಷಿಣದ ಶಿರೆ ಕಣಿವೆಯಲ್ಲಿ ಮಾತ್ರ ಸುಣ್ಣದಂಶದ ಕಪ್ಪು ಜೇಡಿಮಣ್ಣು. ಎರಡೂ ಕಡೆ ಜನ ಮುಖ್ಯವಾಗಿ ಉಣ್ಣುವುದು ಮೆಕ್ಕೆಜೋಳವನ್ನೇ. ಆದರೂ ಕಣಿವೆಯ ಹೆಂಗಸರ ಪ್ಲಾಸ್ಮಾ ಸೆಲೆನಿಯಂ ಹುಳಿ ಮಣ್ಣಿನ ಊರಿನವರಿಗಿಂತ ಎರಡು ಪಟ್ಟು ಹೆಚ್ಚು. ಊಟ ಒಂದೇ, ಅಡುಗೆ ಒಂದೇ. ಬೇರೆಯಾಗಿದ್ದು ಬೇರಿನ ಸುತ್ತಲಿನ ಮಣ್ಣು.

ಎರಡು ತುದಿಗಳನ್ನು ನೋಡಬೇಕಿದ್ದರೆ ಚೀನಾಕ್ಕೆ ಹೋಗಬೇಕು. ಈಶಾನ್ಯದ ಕೆಶಾನ್ ಜಿಲ್ಲೆಯಲ್ಲಿ 1935ರಲ್ಲಿ ಹೃದಯದ ಸ್ನಾಯು ಸೋಲುವ ಕಾಯಿಲೆಯೊಂದು ದಾಖಲಾಯಿತು. ಮಕ್ಕಳು ಮತ್ತು ಹರೆಯದ ಹೆಂಗಸರೇ ಹೆಚ್ಚಾಗಿ ಬಲಿಯಾಗುತ್ತಿದ್ದರು. ಈಶಾನ್ಯದಿಂದ ನೈಋತ್ಯದವರೆಗೆ ಪಟ್ಟಿಯಂತೆ ಹಬ್ಬಿದ ಸೆಲೆನಿಯಂ ಬಡ ಮಣ್ಣಿನ ಉದ್ದಕ್ಕೂ ಆ ಕಾಯಿಲೆ ಇತ್ತು. ಅಲ್ಲಿನವರಿಗೆ ದಿನಕ್ಕೆ ದಕ್ಕುತ್ತಿದ್ದುದು ಹತ್ತು ಹದಿನೈದು ಮೈಕ್ರೋಗ್ರಾಂ. 1970ರ ದಶಕದಲ್ಲಿ ಸಾವಿರಾರು ಮಕ್ಕಳಿಗೆ ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟಾಗ ಹೊಸ ರೋಗಿಗಳ ಸಂಖ್ಯೆ ಕಡಿದಾಗಿ ಇಳಿಯಿತು. ಅದೇ ದೇಶದ ಹುಬೈ ಪ್ರಾಂತ್ಯದ ಎನ್ಶಿಯಲ್ಲಿ 1960ರ ದಶಕದ ಆರಂಭದಲ್ಲಿ ಜನರ ಕೂದಲು, ಉಗುರು ಉದುರತೊಡಗಿದವು. ಸೆಲೆನಿಯಂ ತುಂಬಿದ ಕಲ್ಲಿದ್ದಲಿನಿಂದ ಅಲ್ಲಿನ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ ಅದು ಸೇರಿತ್ತು. ತೀವ್ರ ಬಾಧೆಯಿದ್ದ ಹಳ್ಳಿಗಳಲ್ಲಿ ದಿನದ ಸೇವನೆ ಸರಾಸರಿ 5 ಮಿಲಿಗ್ರಾಂ, ಅಂದರೆ 5,000 ಮೈಕ್ರೋಗ್ರಾಂ. ಕೆಶಾನ್ ಪಟ್ಟಿಗೂ ಇದಕ್ಕೂ ಮುನ್ನೂರು ಪಟ್ಟಿಗಿಂತ ಹೆಚ್ಚಿನ ಅಂತರ. ಬೇರಾವ ಪೋಷಕಾಂಶಕ್ಕೂ ಇಂಥ ಭೂಗೋಳ ಇದ್ದಂತೆ ನನಗೆ ಕಾಣುವುದಿಲ್ಲ.

ಫಿನ್ಲೆಂಡ್ ತಿರುಗಿಸಿದ ನಲ್ಲಿ

ಮಣ್ಣೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕೆ? ಫಿನ್ಲೆಂಡಿನ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ಸೆಲೆನಿಯಂ ತೀರಾ ಕಡಿಮೆ. 1970ರ ದಶಕದಲ್ಲಿ ಅಲ್ಲಿಯ ವಯಸ್ಕರು ತಿನ್ನುತ್ತಿದ್ದುದು ದಿನಕ್ಕೆ 25ರಿಂದ 40 ಮೈಕ್ರೋಗ್ರಾಂ ಮಾತ್ರ. 1980ರ ದಶಕದ ಮೊದಲ ವರ್ಷಗಳಲ್ಲಿ ಬೆಳೆ ಕೈಕೊಟ್ಟು ಉತ್ತರ ಅಮೆರಿಕದ ಗೋಧಿ ತರಿಸಿದಾಗ ಜನರ ಸೆಲೆನಿಯಂ ಮಟ್ಟ ತಾನಾಗಿ ಏರಿತು. ಗೋಧಿ ಬದಲಾಗಿದ್ದಕ್ಕೆ ರಕ್ತವೂ ಬದಲಾಯಿತು! ಆಮೇಲೆ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ರಸಗೊಬ್ಬರಕ್ಕೇ ಸೋಡಿಯಂ ಸೆಲೆನೇಟ್ ಬೆರೆಸಲು 1984ರಲ್ಲಿ ತೀರ್ಮಾನಿಸಿತು. ಧಾನ್ಯದ ಗೊಬ್ಬರಕ್ಕೆ ಕಿಲೋಗೆ 16 ಮಿಲಿಗ್ರಾಂ, ಹುಲ್ಲಿನ ಗೊಬ್ಬರಕ್ಕೆ 6 ಮಿಲಿಗ್ರಾಂ.

ರಾಜಧಾನಿ ಹೆಲ್ಸಿಂಕಿಯ ಹಾಗೂ ಲೆಪ್ಪಾವಿರ್ಟ ಎಂಬ ಹಳ್ಳಿಗಾಡಿನ ಆರೋಗ್ಯವಂತ ವಯಸ್ಕರ ರಕ್ತವನ್ನು ವರ್ಷ ವರ್ಷ ತೆಗೆದು ನೋಡುತ್ತಾ ಬಂದರು. ಲೀಟರಿಗೆ 70 ಮೈಕ್ರೋಗ್ರಾಂ ಆಸುಪಾಸಿನಲ್ಲಿದ್ದ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ದ್ರವ) ಮಟ್ಟ ದಶಕದ ಕೊನೆಗೆ 120ರ ಹತ್ತಿರಕ್ಕೆ ಬಂತು. ಇದಕ್ಕಾಗಿ ಅವರು ಮಾತ್ರೆ ನುಂಗಲಿಲ್ಲ, ಊಟದ ಪದ್ಧತಿ ಬದಲಿಸಲಿಲ್ಲ. ಹಿಂದಿನಂತೆಯೇ ಬ್ರೆಡ್ಡು, ಹಾಲು, ಮಾಂಸ. ತುಸು ಹೆಚ್ಚಾಯಿತೆನಿಸಿ 1990ರಲ್ಲಿ ಎಲ್ಲ ಗೊಬ್ಬರಕ್ಕೂ 6 ಮಿಲಿಗ್ರಾಂ ಎಂದು ಇಳಿಸಿದಾಗ ಜನರ ರಕ್ತದ ಮಟ್ಟವೂ ಇಳಿಯಿತು. 1998ರಲ್ಲಿ 10ಕ್ಕೆ, 2007ರಲ್ಲಿ 15ಕ್ಕೆ ಏರಿಸಿದರು. ಎಲ್ಲೋ ಒಂದು ಕಡೆ ನಲ್ಲಿ ತಿರುಗಿಸಿದಂತೆ ಇಡೀ ದೇಶದ ರಕ್ತದಲ್ಲಿ ಅಂಕಿ ಏರಿಳಿದದ್ದು ಪೋಷಣೆಯ ಚರಿತ್ರೆಯಲ್ಲೇ ಅಪರೂಪ.

ಬ್ರಿಟನ್ನಿನಲ್ಲಿ ಇದೇ ಆಟ ಉಲ್ಟಾ ನಡೆಯಿತು, ಅದೂ ಯಾರೂ ಉದ್ದೇಶಿಸದೆ. 1970ರ ದಶಕದವರೆಗೂ ಅಲ್ಲಿನ ಬ್ರೆಡ್ಡಿಗೆ ಕೆನಡಾ, ಅಮೆರಿಕದ ಗೋಧಿ ಬೇಕಿತ್ತು. ಯುರೋಪಿನ ಆರ್ಥಿಕ ಸಮುದಾಯ ಸೇರಿದ ಮೇಲೆ, ಬೇಕರಿಯ ತಂತ್ರವೂ ಬದಲಾಗಿ, ಸ್ವಂತ ನೆಲದ ಮತ್ತು ಯುರೋಪಿನ ಗೋಧಿಯೇ ಸಾಕೆನಿಸಿತು. ದಿನಕ್ಕೆ 60 ಮೈಕ್ರೋಗ್ರಾಂ ಸುಮಾರಿದ್ದ ಸೇವನೆ 1990ರ ದಶಕಕ್ಕೆ 40ಕ್ಕಿಂತ ಕೆಳಗೆ ಬಂತು. ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದವರ ತಲೆಯಲ್ಲಿ ಸೆಲೆನಿಯಂ ಇದ್ದಿರಲಿಕ್ಕಿಲ್ಲ.

ಪ್ರಾಣಿಜನ್ಯ ಆಹಾರದ ಲೆಕ್ಕ ಸ್ವಲ್ಪ ಬೇರೆ. ಅಮೆರಿಕದಲ್ಲಿ 1974ರಿಂದ ಕೋಳಿ, ಹಂದಿಗಳ ಆಹಾರಕ್ಕೆ ಸೆಲೆನಿಯಂ ಬೆರೆಸಲು ಅನುಮತಿ ಸಿಕ್ಕಿತು. ಈಗ ಇದು ಅನೇಕ ದೇಶಗಳಲ್ಲಿ ರೂಢಿ. ಹಾಗಾಗಿ ಮೊಟ್ಟೆ, ಮಾಂಸ, ಹಾಲಿನಲ್ಲಿರುವ ಸೆಲೆನಿಯಂ ಸ್ಥಳೀಯ ಮಣ್ಣಿನ ಹಂಗನ್ನು ಒಂದಷ್ಟು ಕಳಚಿಕೊಂಡಿದೆ. ಬಡ ಮಣ್ಣಿನ ಸೀಮೆಯಲ್ಲಿ ಬರೀ ಸಸ್ಯಾಹಾರ ತಿನ್ನುವವರ ಮಟ್ಟ ಉಳಿದವರಿಗಿಂತ ಕೆಳಗಿರುವುದು ಇದರಿಂದಲೇ. ಸಮೃದ್ಧ ಮಣ್ಣಿನ ಸೀಮೆಯಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಇನ್ನು ಮೀನು ಸಮುದ್ರದ ಲೆಕ್ಕಕ್ಕೆ ಸೇರಿದ್ದು, ಮಣ್ಣಿನ ಗೊಡವೆ ಅದಕ್ಕಿಲ್ಲ. ಪಾದರಸ ಹೆಚ್ಚಿರುವ ದೊಡ್ಡ ಮೀನುಗಳಲ್ಲಿ ಮಾತ್ರ ಒಂದು ಪಾಲು ಸೆಲೆನಿಯಂ ಪಾದರಸದೊಂದಿಗೆ ಕಚ್ಚಿಕೊಂಡಿರುತ್ತದೆ.

ದೇಹ ಮಾಡುವ ಎರಡನೇ ತಪ್ಪು

ಬೇರು ಮೋಸಹೋದಂತೆಯೇ ನಮ್ಮ ದೇಹವೂ ಮೋಸಹೋಗುತ್ತದೆ. ಕಾಳಿನಲ್ಲಿ, ಯೀಸ್ಟಿನಲ್ಲಿ ಬರುವ ಸೆಲೆನೋಮೆಥಿಯೋನಿನ್‌ಗೂ ಸಾದಾ ಮೆಥಿಯೋನಿನ್‌ಗೂ ವ್ಯತ್ಯಾಸ ತಿಳಿಯುವ ಸಾಮರ್ಥ್ಯ ನಮ್ಮ ಪ್ರೋಟೀನ್ ಕಟ್ಟುವ ಯಂತ್ರಕ್ಕಿಲ್ಲ. ತಿಂದದ್ದರಲ್ಲಿ ಶೇ 90ಕ್ಕೂ ಹೆಚ್ಚು ಕರುಳಿನಿಂದ ಒಳಸೇರುತ್ತದೆ. ಮೆಥಿಯೋನಿನ್ ಎಲ್ಲಿ ಕೂರಬೇಕೋ ಅಲ್ಲೆಲ್ಲ ಅದು ಕೂರುತ್ತದೆ: ಸ್ನಾಯುವಿನಲ್ಲಿ, ರಕ್ತದ ಆಲ್ಬುಮಿನ್ನಿನಲ್ಲಿ, ಕೆಂಪುಕಣದ ಹಿಮೋಗ್ಲೋಬಿನ್ನಿನಲ್ಲಿ. ಅಲ್ಲಿ ಅದು ಸೆಲೆನಿಯಂ ಆಗಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಆ ಪ್ರೋಟೀನು ಹಳತಾಗಿ ಒಡೆದಾಗ ಹೊರಬಂದು ಬಳಕೆಗೆ ಸಿಗುತ್ತದೆ, ಅಲ್ಲಿಯವರೆಗೆ ಬರೀ ಕೂತಿರುತ್ತದೆ. ಮಾತ್ರೆಗಳಲ್ಲಿ ಬಳಸುವ ಸೆಲೆನೈಟ್ ಹಾಗಲ್ಲ. ಹೀರಿಕೊಳ್ಳುವುದೇ ಅರ್ಧದಷ್ಟು. ಒಳಗೆ ಬಂದದ್ದು ನೇರವಾಗಿ ಕೆಲಸದ ದಾರಿ ಹಿಡಿಯುತ್ತದೆ, ಉಳಿದದ್ದು ಮೂತ್ರದ ದಾರಿ.

ಗುರುತು ಹಚ್ಚಿದ ಐಸೋಟೋಪು ಕೊಟ್ಟು ಅಳೆದಾಗ ಸೆಲೆನೋಮೆಥಿಯೋನಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 252 ದಿನ ಬೇಕಾಯಿತು. ಸೆಲೆನೈಟಿಗೆ 102 ದಿನ. ಇದರ ಅರ್ಥ ಸರಳ. ಒಂದೇ ಪ್ರಮಾಣದ ಸೆಲೆನಿಯಂ ತಿನ್ನುವ ಇಬ್ಬರಲ್ಲಿ ಒಬ್ಬರಿಗೆ 140, ಇನ್ನೊಬ್ಬರಿಗೆ 100 ಬರಬಹುದು. ಇಬ್ಬರ ಕಿಣ್ವಗಳೂ ಒಂದೇ ಚುರುಕಿನಲ್ಲಿ ಕೆಲಸ ಮಾಡುತ್ತಿರಬಹುದು. ಹೆಚ್ಚಿನ ಅಂಕಿ ಹೆಚ್ಚಿನ ಆರೋಗ್ಯ ಅಲ್ಲ, ಹೆಚ್ಚಿನ ದಾಸ್ತಾನು ಅಷ್ಟೇ.

ಬ್ರೆಜಿಲ್ ನಟ್ಟಿನ ಕಥೆಯನ್ನು ಇಲ್ಲಿ ಹೇಳಬೇಕು. ಹೆಬ್ಬೆರಳಿನ ಗೆಣ್ಣಿನಷ್ಟುದ್ದದ, ಮೂರು ಮುಖಗಳಿರುವ, ಒರಟು ಕಂದು ಸಿಪ್ಪೆಯ ಬೀಜ. ಒಳಗೆ ಕೆನೆಬಣ್ಣದ ಎಣ್ಣೆಯುಕ್ತ ತಿರುಳು. ಅಮೆಜಾನ್ ಕಾಡಿನ ದೈತ್ಯ ಮರದ್ದು. ನ್ಯೂಜಿಲೆಂಡಿನ ಒಟಾಗೊದಲ್ಲಿ, ಮಣ್ಣೇ ಬಡವಾಗಿರುವ ಕಡೆ, 59 ವಯಸ್ಕರನ್ನು ಮೂರು ಗುಂಪು ಮಾಡಿ 12 ವಾರ ನೋಡಿದರು. ದಿನಕ್ಕೆ ಎರಡು ಬೀಜ ತಿಂದವರ ಪ್ಲಾಸ್ಮಾ ಸೆಲೆನಿಯಂ ಶೇ 64ರಷ್ಟು ಏರಿತು, 100 ಮೈಕ್ರೋಗ್ರಾಂ ಸೆಲೆನೋಮೆಥಿಯೋನಿನ್ ಮಾತ್ರೆ ನುಂಗಿದವರದ್ದು ಶೇ 61. ಮಾತ್ರೆಗೆ ಸರಿಸಾಟಿ! ಇದು 2008ರಲ್ಲಿ ಪ್ರಕಟವಾದದ್ದೇ ತಡ, ‘ದಿನಕ್ಕೆರಡು ಬ್ರೆಜಿಲ್ ನಟ್’ ಎಂಬುದು ಆರೋಗ್ಯ ಸಲಹೆಗಳ ಮಂತ್ರವಾಯಿತು. ಸಲಹೆ ಕೊಡುವವರು ಹೇಳಲು ಮರೆಯುವುದು ಒಂದಿದೆ: ಯಾವ ಮರದ ಬೀಜ? ಬ್ರೆಜಿಲ್ಲಿನಲ್ಲೇ ಮಾತೊ ಗ್ರೊಸೊ ರಾಜ್ಯದ ಬೀಜದಲ್ಲಿ ಕಿಲೋಗೆ ಸುಮಾರು 2 ಮಿಲಿಗ್ರಾಂ ಇದ್ದರೆ ಅಮೆಜಾನಾಸ್ ರಾಜ್ಯದ್ದರಲ್ಲಿ ಸುಮಾರು 68. ನೋಡಲು ಎರಡೂ ಒಂದೇ. ಒಂದು ಕಡೆಯ ಎರಡು ಬೀಜ ಏನೂ ಮಾಡದೇ ಇರಬಹುದು, ಇನ್ನೊಂದು ಕಡೆಯ ಎರಡೇ ಬೀಜ ದಿನದ ಮಿತಿಯನ್ನೇ ದಾಟಿಸಬಹುದು. ಪೊಟ್ಟಣದ ಮೇಲೆ ಮರದ ವಿಳಾಸ ಇರುವುದಿಲ್ಲ.

ಒಳಬಾಗಿಲಿಗೆ ಕಾವಲಿಲ್ಲ

ಕಬ್ಬಿಣದ ವಿಷಯದಲ್ಲಿ ಕರುಳು ಜಾಗರೂಕ. ದಾಸ್ತಾನು ಸಾಕಷ್ಟಿದ್ದರೆ ಬಾಗಿಲು ಹಾಕಿಕೊಳ್ಳುತ್ತದೆ. ಸೆಲೆನಿಯಂಗೆ ಅಂಥ ಕಾವಲು ಒಳಬಾಗಿಲಲ್ಲಿಲ್ಲ, ಬಂದದ್ದನ್ನೆಲ್ಲ ಬಿಟ್ಟುಕೊಳ್ಳುತ್ತದೆ. ಲೆಕ್ಕ ಸರಿದೂಗಿಸುವ ಕೆಲಸವೆಲ್ಲ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಹೆಚ್ಚಾದುದನ್ನು ಯಕೃತ್ತು ಒಂದು ಬಗೆಯ ಸಕ್ಕರೆಗೆ ಪೋಣಿಸಿ ಮೂತ್ರದಲ್ಲಿ ಕಳಿಸುತ್ತದೆ. ಮಿತಿಮೀರಿದಾಗ ಡೈಮೀಥೈಲ್ ಸೆಲೆನೈಡ್ ಎಂಬ ಅನಿಲವಾಗಿ ಉಸಿರಿನಲ್ಲೂ ಹೊರಹೋಗುತ್ತದೆ. ಆಗ ಬೆಳ್ಳುಳ್ಳಿ ಮುಟ್ಟದವರ ಬಾಯಿಯಲ್ಲೂ ಬೆಳ್ಳುಳ್ಳಿ ವಾಸನೆ. ಕಡಿಮೆ ತಿನ್ನುವ ಸೀಮೆಯವರ ಮೂತ್ರದಲ್ಲಿ ಸೆಲೆನಿಯಂ ಕಡಿಮೆ ಇರುತ್ತದೆ, ದೇಹ ಬಿಗಿಹಿಡಿದು ಉಳಿಸಿಕೊಳ್ಳುತ್ತದೆ. ಅವರ ಆರೋಗ್ಯ ಹಾಗೇ ನಿಭಾಯಿಸಿಕೊಂಡು ಹೋಗಲು ಈ ಉಳಿತಾಯವೂ ಒಂದು ಕಾರಣ.

ಹಂಚಿಕೆಯಲ್ಲೂ ಮನೆಯ ಹಿರಿಯರ ಲೆಕ್ಕಾಚಾರವಿದೆ. ಯಕೃತ್ತು ಸೆಲೆನೋಪ್ರೋಟೀನ್ ಪಿ ಎಂಬ ವಾಹಕವನ್ನು ತಯಾರಿಸಿ, ಒಂದೊಂದರಲ್ಲೂ ಹತ್ತರವರೆಗೆ ಸೆಲೆನಿಯಂ ಪರಮಾಣು ತುಂಬಿ ರಕ್ತಕ್ಕೆ ಬಿಡುತ್ತದೆ. ಮಿದುಳು ಮತ್ತು ವೃಷಣಗಳಲ್ಲಿ ಅದನ್ನು ಹಿಡಿದಿಳಿಸಿಕೊಳ್ಳುವ ಗ್ರಾಹಿಗಳಿವೆ. ಕೊರತೆ ಬಂದರೆ ಮೊದಲು ಖಾಲಿಯಾಗುವುದು ಯಕೃತ್ತು ಮತ್ತು ಸ್ನಾಯು. ಮಿದುಳು, ಥೈರಾಯ್ಡುಗಳ ಪಾಲಿಗೆ ಕೊನೆಯವರೆಗೂ ಕೈಹಾಕುವುದಿಲ್ಲ.

ಪ್ಲಾಸ್ಮಾದಲ್ಲಿ ಲೀಟರಿಗೆ ಸುಮಾರು 70ರಿಂದ 90 ಮೈಕ್ರೋಗ್ರಾಂ ಮುಟ್ಟುವ ಹೊತ್ತಿಗೆ ಗ್ಲುಟಾಥಯೋನ್ ಪೆರಾಕ್ಸಿಡೇಸ್ ತನ್ನ ಗರಿಷ್ಠಕ್ಕೆ ಬಂದು ನಿಲ್ಲುತ್ತದೆ. ಸೆಲೆನೋಪ್ರೋಟೀನ್ ಪಿ ಇನ್ನೂ ಮೇಲೆ ಹೋಗಿ, 120ರ ಸುಮಾರಿಗೆ ನಿಲ್ಲುತ್ತದೆ. ಅದರಾಚೆ ಎಷ್ಟು ಸುರಿದರೂ ಈ ಎರಡೂ ಮೇಲೇರುವುದಿಲ್ಲ. ದಿನಕ್ಕೆ ಎಷ್ಟು ಬೇಕು ಎಂಬ ಶಿಫಾರಸುಗಳು ಒಂದೊಂದು ಕಡೆ ಒಂದೊಂದು ಥರ ಇರುವ ಗುಟ್ಟು ಇದೇ. ಕಿಣ್ವವು ಗರಿಷ್ಠದ ಮೂರನೇ ಎರಡರಷ್ಟು ಕೆಲಸ ಮಾಡಿದರೆ ಸಾಕು ಎಂಬ ಲೆಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಂಗಸರಿಗೆ 26, ಗಂಡಸರಿಗೆ 34 ಮೈಕ್ರೋಗ್ರಾಂ ಎನ್ನುತ್ತದೆ. ಕಿಣ್ವ ಪೂರ್ತಿ ತುಂಬಲಿ ಎಂದು ಅಮೆರಿಕ 55 ಎನ್ನುತ್ತದೆ. ಸೆಲೆನೋಪ್ರೋಟೀನ್ ಪಿ ಕೂಡ ತುಂಬಿ ನಿಲ್ಲಲಿ ಎಂಬ ಅಳತೆಗೋಲು ಹಿಡಿದ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2014ರಲ್ಲಿ 70 ಎಂದಿತು. ಪ್ಲಾಸ್ಮಾದಲ್ಲಿ 68 ಇರುವ ನಮ್ಮ ಮನುಷ್ಯ ಕಿಣ್ವದ ಅಳತೆಗೋಲಿಗೆ ಹೆಚ್ಚುಕಡಿಮೆ ಪಾಸು, ಸೆಲೆನೋಪ್ರೋಟೀನ್ ಪಿಯ ಅಳತೆಗೋಲಿಗೆ ಫೇಲು.

ತಟ್ಟೆಗೆ ಸಂಬಂಧವಿಲ್ಲದ ಏರಿಳಿತ

ಉರಿಯೂತ ಇವುಗಳಲ್ಲಿ ದೊಡ್ಡದು. ಸೋಂಕು, ಗಾಯ, ಶಸ್ತ್ರಚಿಕಿತ್ಸೆ, ಏನೇ ಆಗಲಿ, ದೇಹ ಎಚ್ಚರಿಕೆಯ ಸ್ಥಿತಿಗೆ ಹೋದಾಗ ಯಕೃತ್ತು ಸೆಲೆನೋಪ್ರೋಟೀನ್ ಪಿ ತಯಾರಿಕೆಯನ್ನು ತಗ್ಗಿಸುತ್ತದೆ, ಪ್ಲಾಸ್ಮಾದಲ್ಲಿದ್ದದ್ದು ಬೇರೆಡೆಗೆ ಸರಿಯುತ್ತದೆ. ಒಟ್ಟು ದಾಸ್ತಾನು ಅಷ್ಟೇ ಇದ್ದರೂ ವರದಿಯ ಅಂಕಿ ಕುಸಿಯುತ್ತದೆ. ಹೀಗಾಗಿ ಸೆಲೆನಿಯಂ ಜೊತೆ, ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿಯನ್ನೂ ನೋಡಬೇಕು; ಅದು ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಸೆಲೆನಿಯಂ ಅಂಕಿಯನ್ನು ನಂಬಿ ಕೊರತೆ ಎನ್ನಲಾಗದು. ಬಹಳಷ್ಟು ‘ಪೂರ್ಣ ದೇಹ ತಪಾಸಣೆ’ ಪ್ಯಾಕೇಜುಗಳಲ್ಲಿ ಇವೆರಡೂ ಬೇರೆ ಬೇರೆ ಪುಟದಲ್ಲಿರುತ್ತವೆ, ಒಟ್ಟಿಗೆ ಓದುವವರು ಕಡಿಮೆ. ಜ್ವರ ಬಿಟ್ಟ ವಾರವೇ ರಕ್ತ ಕೊಟ್ಟು, ಬಾಣ ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಗರ್ಭಿಣಿಯರಲ್ಲಿ ರಕ್ತದ ನೀರಿನಂಶ ಹೆಚ್ಚಿ, ಮಗುವಿಗೂ ಪಾಲು ಹೋಗಿ ಮಟ್ಟ ಇಳಿಯುತ್ತದೆ. ಸಿಗರೇಟು ಸೇದುವವರಲ್ಲಿ ಕಡಿಮೆ. ಕುಡಿತ ಹೆಚ್ಚಿದವರಲ್ಲಿ, ಅದರಲ್ಲೂ ಯಕೃತ್ತು ಬಳಲಿದವರಲ್ಲಿ ಇನ್ನೂ ಕಡಿಮೆ. ಬೊಜ್ಜಿನ ಜೊತೆ ಇಳಿಮುಖದ ನಂಟು ಹಲವು ಕಡೆ ಕಂಡಿದೆ. ಸದಾ ಹೊಗೆಯಾಡುವ ಸಣ್ಣ ಉರಿಯೂತವೂ ಅಲ್ಲಿ ಪಾತ್ರ ವಹಿಸಿದ್ದೀತು. ವಯಸ್ಸಾದಂತೆ ತುಸು ಇಳಿಯುತ್ತದೆ, ಆದರೆ ಗಟ್ಟಿಮುಟ್ಟಾಗಿರುವ ಹಿರಿಯರಲ್ಲಿ ಆ ಇಳಿತ ದೊಡ್ಡದಲ್ಲ. ಗಂಡು ಹೆಣ್ಣಿನ ಅಂತರ ಒಂದೊಂದು ದೇಶದಲ್ಲಿ ಒಂದೊಂದು ಥರ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಜೀನುಗಳ ಪಾತ್ರವೂ ಇದೆ. ಐದನೇ ವರ್ಣತಂತುವಿನ ಮೇಲೆ, ಮೆಥಿಯೋನಿನ್ ಮತ್ತು ಅದರ ನಂಟಿನ ಅಮೈನೋ ಆಮ್ಲ ಹೋಮೋಸಿಸ್ಟೀನ್ ನಿಭಾಯಿಸುವ ಕಿಣ್ವಗಳ ಜೀನುಗಳಿರುವ ಜಾಗದಲ್ಲಿನ ವ್ಯತ್ಯಾಸಗಳು ರಕ್ತದಲ್ಲೂ ಉಗುರಲ್ಲೂ ಸೆಲೆನಿಯಂ ಮಟ್ಟವನ್ನು ಅಲ್ಪಸ್ವಲ್ಪ ಆಚೀಚೆ ಮಾಡುತ್ತವೆ. ಮತ್ತೆ ಅದೇ ಮೆಥಿಯೋನಿನ್ನಿನ ವೇಷ!

ಯಾವುದನ್ನು ಅಳೆದರು ಎಂಬುದನ್ನೂ ಕೇಳಬೇಕು. ಪ್ಲಾಸ್ಮಾ ಹೇಳುವುದು ಕಳೆದ ಕೆಲವು ವಾರಗಳ ಕಥೆ. ಕೆಂಪುಕಣ ಸುಮಾರು 120 ದಿನ ಬದುಕುವುದರಿಂದ ಅದರಲ್ಲಿ ಮೂರು ನಾಲ್ಕು ತಿಂಗಳ ದಾಖಲೆ ಇರುತ್ತದೆ. ಕಾಲಿನ ಉಗುರು ಆರು ತಿಂಗಳಿಂದ ವರ್ಷದ ಹಿಂದಿನದನ್ನು ಹೇಳುತ್ತದೆ. ಇವತ್ತು ಕತ್ತರಿಸಿದ ತುದಿ ಚರ್ಮದಡಿ ರೂಪುಗೊಂಡದ್ದು ಆಗ. ಕೂದಲೂ ಆಗಬಹುದಿತ್ತು, ಆದರೆ ತಲೆಹೊಟ್ಟಿನ ಕೆಲವು ಶಾಂಪೂಗಳಲ್ಲಿ ಸೆಲೆನಿಯಂ ಸಲ್ಫೈಡ್ ಇರುತ್ತದೆ. ಅದನ್ನು ಹಚ್ಚಿದ ತಲೆಯ ಕೂದಲು ಹೇಳುವುದು ಶಾಂಪೂವಿನ ಕಥೆ. ಅಂದಹಾಗೆ ಅಳತೆಯ ಮಾನವನ್ನೂ ನೋಡಿಕೊಳ್ಳಿ. ಕೆಲವು ಪ್ರಯೋಗಾಲಯಗಳು ಮೈಕ್ರೋಮೋಲ್‌ನಲ್ಲಿ ಕೊಡುತ್ತವೆ. ಸೆಲೆನಿಯಂನ 1 ಮೈಕ್ರೋಮೋಲ್ ಎಂದರೆ 79 ಮೈಕ್ರೋಗ್ರಾಂ. 0.86 ಎಂದು ಕಂಡು ಎದೆ ಒಡೆದುಕೊಳ್ಳಬೇಡಿ, ಅದು ಇದೇ 68.

ಮಾತ್ರೆಯ ಲೆಕ್ಕ

ಹಾಗಾದರೆ ಕಡಿಮೆ ಇರುವವರು ಮಾತ್ರೆ ತೆಗೆದುಕೊಳ್ಳಬಾರದೇ? ಉತ್ತರ ಎಲ್ಲಿಂದ ಶುರುಮಾಡುತ್ತೀರಿ ಎಂಬುದರ ಮೇಲಿದೆ. 1996ರಲ್ಲಿ ಅಮೆರಿಕದ ಒಂದು ಪ್ರಯೋಗ, ಚರ್ಮದ ಕ್ಯಾನ್ಸರ್ ಆಗಿದ್ದ 1,312 ಮಂದಿಗೆ ದಿನಕ್ಕೆ 200 ಮೈಕ್ರೋಗ್ರಾಂ ಯೀಸ್ಟ್ ಸೆಲೆನಿಯಂ ಅಥವಾ ಸಪ್ಪೆ ಮಾತ್ರೆ (ಔಷಧವಿಲ್ಲದ ಹುಸಿ ಮಾತ್ರೆ) ಕೊಟ್ಟು, ಸೆಲೆನಿಯಂ ಪಡೆದವರಲ್ಲಿ ಬೇರೆ ಕೆಲವು ಕ್ಯಾನ್ಸರ್ ಕಡಿಮೆ ಎಂದು ಸಾರಿತು. ಜಗತ್ತು ಕುಣಿದಾಡಿತು. ಅದನ್ನು ಖಾತ್ರಿಮಾಡಲು 35,533 ಗಂಡಸರನ್ನು ಸೇರಿಸಿದ ಸೆಲೆಕ್ಟ್ ಎಂಬ ದೊಡ್ಡ ಪ್ರಯೋಗದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಯಾವ ತಡೆಯೂ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಲಾಯಿತು. ಅವರಲ್ಲಿ ಬಹುಪಾಲು ಜನರ ರಕ್ತದಲ್ಲಿ ಸೆಲೆನಿಯಂ ಮೊದಲೇ ತುಂಬಿತ್ತು. ಹಳೆಯ ಪ್ರಯೋಗದ ಅಂಕಿಗಳನ್ನು 2007ರಲ್ಲಿ ಮತ್ತೆ ಜಾಲಾಡಿದಾಗ ಇನ್ನೊಂದು ಸಂಗತಿ ಸಿಕ್ಕಿತು: ಸೆಲೆನಿಯಂ ನುಂಗಿದವರಲ್ಲಿ ಎರಡನೇ ಬಗೆಯ ಮಧುಮೇಹ ಹೆಚ್ಚು, ಅದೂ ಆರಂಭದಲ್ಲೇ ಪ್ಲಾಸ್ಮಾ ಮಟ್ಟ 121 ದಾಟಿದ್ದವರಲ್ಲಿ ಸ್ಪಷ್ಟವಾಗಿ.

ಸ್ವೀಡನ್ನಿನಲ್ಲಿ ಫಲ ಬೇರೆ. ರಕ್ತದ ಸೆಲೆನಿಯಂ ಮಟ್ಟ ಸರಾಸರಿ 67ರ ಸುಮಾರಿನಲ್ಲಿದ್ದ 443 ಹಿರಿಯರಿಗೆ ಸೆಲೆನಿಯಂ ಮತ್ತು ಜೀವಕೋಶದ ಶಕ್ತಿ ತಯಾರಿಕೆಗೆ ನೆರವಾಗುವ ಕೋಎಂಜೈಮ್ ಕ್ಯೂ10 ಎರಡನ್ನೂ ಅಥವಾ ಸಪ್ಪೆ ಮಾತ್ರೆ ಕೊಟ್ಟಾಗ, ಪೂರಕ ಪಡೆದವರಲ್ಲಿ ಹೃದ್ರೋಗದ ಸಾವು ಕಡಿಮೆಯಾಯಿತು. ಎರಡನ್ನೂ ಜೊತೆಗೆ ಕೊಟ್ಟಿದ್ದರಿಂದ ಶ್ರೇಯಸ್ಸು ಯಾರದ್ದೆಂದು ಬಿಡಿಸಿ ಹೇಳಲಾಗದು, ಆದರೂ ಖಾಲಿ ಪಾತ್ರೆಗೆ ಸುರಿದ ನೀರು ಎಂಬ ಅನುಮಾನ ನನ್ನದು. ಪಕ್ಕದ ಡೆನ್ಮಾರ್ಕಿನಲ್ಲಿ ಐದು ವರ್ಷ ದಿನಕ್ಕೆ 300 ಮೈಕ್ರೋಗ್ರಾಂ ಪಡೆದವರಲ್ಲಿ, ಮಾತ್ರೆ ನಿಲ್ಲಿಸಿ ಹತ್ತು ವರ್ಷವಾದ ಮೇಲೂ ಲೆಕ್ಕ ಹಾಕಿದಾಗ ಸಾವು ಹೆಚ್ಚಿತ್ತು. ಕೊರತೆಗೂ ವಿಷಕ್ಕೂ ನಡುವೆ ಸೆಲೆನಿಯಂ ಬಿಟ್ಟಿರುವ ಓಣಿ ಕಿರಿದು. ಅಮೆರಿಕ ದಿನದ ಗರಿಷ್ಠ ಮಿತಿಯನ್ನು 400 ಎಂದಿಟ್ಟಿದೆ, ಯುರೋಪಿನ ಪ್ರಾಧಿಕಾರ 2023ರಲ್ಲಿ ಅದನ್ನು 255 ಎಂದಿತು.

ಓಣಿ ದಾಟಿದರೆ ಏನಾಗುತ್ತದೆಂಬುದನ್ನೂ ಜನ ಕಂಡಿದ್ದಾರೆ. 2008ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದು ದ್ರವ ಪೂರಕದಲ್ಲಿ, ತಯಾರಿಕೆಯ ತಪ್ಪಿನಿಂದ, ಚೀಟಿಯಲ್ಲಿ ಬರೆದಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಇತ್ತು. 201 ಮಂದಿಗೆ ಭೇದಿ, ಸುಸ್ತು, ಕೀಲುನೋವು; ಕೂದಲು ಹಿಡಿಹಿಡಿಯಾಗಿ ಉದುರಿತು, ಉಗುರುಗಳು ಬಣ್ಣಗೆಟ್ಟು ಸೀಳಿದವು. ಅವರು ಅದನ್ನು ಕುಡಿದದ್ದು ಆರೋಗ್ಯ ಹೆಚ್ಚಲೆಂದು.

ಮುಂದಿನ ದಶಕಗಳಲ್ಲಿ ಮಣ್ಣೇ ಬದಲಾಗುವ ಸೂಚನೆಗಳಿವೆ. ಸಮುದ್ರದ ಸೂಕ್ಷ್ಮಜೀವಿಗಳು ಗಾಳಿಗೆ ಬಿಡುವ ಸೆಲೆನಿಯಂ ಮಳೆಯೊಂದಿಗೆ ನೆಲಕ್ಕಿಳಿಯುತ್ತದೆ. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದು ಜೇಡಿಯಂಶ, ಸಾವಯವ ಇಂಗಾಲ ಮತ್ತು ತೇವದ ಮೇಲೆ ನಿಂತಿದೆ. ಸಾವಿರಾರು ಮಣ್ಣಿನ ಮಾದರಿಗಳ ಆಧಾರದಲ್ಲಿ 2017ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ, ಹವಾಮಾನ ಬದಲಾವಣೆಯಿಂದ ಈ ಶತಮಾನದ ಕೊನೆಗೆ ಜಗತ್ತಿನ ಕೃಷಿಭೂಮಿಯ ಮೂರನೇ ಎರಡು ಭಾಗ ಒಂದಿಷ್ಟು ಸೆಲೆನಿಯಂ ಕಳೆದುಕೊಳ್ಳಬಹುದು ಎಂದಿತು. ಆ ಭಾಗದಲ್ಲಿ ನಷ್ಟ ಸರಾಸರಿ ಶೇ 9ರ ಹತ್ತಿರ. ಆಗಲೂ ಪೈರು ಹಸಿರಾಗಿಯೇ ಇರುತ್ತದೆ. ಹೊಲದಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ; ಗೊತ್ತಾಗಬೇಕಿದ್ದರೆ ಹೆಲ್ಸಿಂಕಿ, ಲೆಪ್ಪಾವಿರ್ಟಗಳಲ್ಲಿ ಮಾಡಿದಂತೆ ಆರೋಗ್ಯವಾಗಿರುವವರ ತೋಳಿನಿಂದಲೇ ವರ್ಷ ವರ್ಷ ಒಂದು ಟ್ಯೂಬು ರಕ್ತ ತೆಗೆಯುತ್ತಿರಬೇಕು.